ಈ ವಸಂತದಿಂದ ನಮ್ಮ ನಿಂಫ್‌ಗಳಲ್ಲಿ ಸೀಸ ಇಲ್ಲ

ಆತ್ಮೀಯ ಗ್ರಾಹಕರೇ,

ಟ್ರೌಟ್ ಹಿಡಿಯಲು ನೀವು ನಮ್ಮಿಂದ ಕೊಳ್ಳುವ ನಿಂಫ್ ಫ್ಲೈಗಳ (ನೀರಿನೊಳಗಿನ ಮರಿಹುಳುವಿನಂತೆ ಗಾಳಕ್ಕೆ ಕಟ್ಟಿದ ಕೃತಕ ಹುಳುಗಳ) ಮೈಯೊಳಗೆ ಇನ್ನು ಸೀಸದ ತಂತಿ ಸುತ್ತುವುದಿಲ್ಲ. ಬದಲಿಗೆ ಕತ್ತು ಬಾಗಿದ ಜಿಗ್ ಗಾಳಕ್ಕೆ ಟಂಗ್‌ಸ್ಟನ್ ಮಣಿ ಕೂರಿಸುತ್ತೇವೆ: 12ನೇ ನಂಬರಿನ ಗಾಳಕ್ಕೆ 3.3 ಮಿ.ಮೀ., 14ಕ್ಕೆ 2.8, 16ಕ್ಕೆ 2.3 (ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು). ನೀರಿನ ಮೇಲೆ ತೇಲುವ ಡ್ರೈ ಫ್ಲೈಗಳು ಮೊದಲಿನಂತೆಯೇ ಇವೆ. ಟಂಗ್‌ಸ್ಟನ್ ದುಬಾರಿಯಾದ್ದರಿಂದ ನಿಂಫ್‌ಗಳ ಬೆಲೆ ತುಸು ಏರಿದೆ.

ಬಂಡೆಗೆ ಸಿಕ್ಕಿ ಕಿತ್ತುಹೋದ ಫ್ಲೈ ಹೊಳೆಯ ತಳದಲ್ಲೇ ಉಳಿಯುತ್ತದೆ. ಹಂಸ, ಬಾತುಗಳು ತಿಂದದ್ದನ್ನು ಅರೆಯಲೆಂದು ಸಣ್ಣ ಕಲ್ಲು ನುಂಗುತ್ತವೆ. ಅದರ ಜತೆ ಸೀಸವೂ ಹೊಟ್ಟೆಗಿಳಿದರೆ ಸವೆದು ರಕ್ತಕ್ಕೆ ಸೇರಿ ಹಕ್ಕಿಯನ್ನೇ ಕೊಲ್ಲುತ್ತದೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಗಾಳದ ದಾರಕ್ಕೆ ತೂಕಕ್ಕೆಂದು ಹಾಕುವ, 0.06ರಿಂದ 28.35 ಗ್ರಾಂವರೆಗಿನ ಸೀಸದ ಗುಂಡುಗಳಿಗೆ 1987ರಲ್ಲೇ ತಡೆ ಬಿತ್ತು. ನಾವು ಇದನ್ನು ಇನ್ನೂ ಮೊದಲೇ ಮಾಡಬೇಕಿತ್ತು.

ಇನ್ನು ಬಳಕೆಯ ಮಾತು. ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.3 ಗ್ರಾಂ, ಟಂಗ್‌ಸ್ಟನ್ನಿನದು 19.3. ಮಣಿಯಲ್ಲಿ ಬೇರೆ ಲೋಹವೂ ಬೆರೆತಿರುವುದರಿಂದ ಪೂರ್ತಿ ಅಷ್ಟು ಬರುವುದಿಲ್ಲ. ಆದರೂ ಫ್ಲೈ ಈಗ ತಲೆ ಮುಂದಾಗಿ, ಬೇಗ ಮುಳುಗುತ್ತದೆ. ವಸಂತದ ಆರಂಭದಲ್ಲಿ ನೀರು ಇನ್ನೂ ಕೊರೆಯುತ್ತಿರುವಾಗ ಟ್ರೌಟ್ ತಳ ಬಿಟ್ಟು ಏಳುವುದು ಕಡಿಮೆ, ಹಾಗಾಗಿ ಇದು ಅನುಕೂಲವೇ.

ಹಳೆಯ ರೂಢಿಯಂತೆ ದಾರಕ್ಕೆ ಮೇಲೊಂದು ತೂಕದ ಗುಂಡು ಕಚ್ಚಿಸಬೇಡಿ. ಇಂಡಿಕೇಟರನ್ನು (ಮೀನು ಕಚ್ಚಿದ್ದನ್ನು ತೋರಿಸುವ ತೇಲುಬೆಂಡನ್ನು) ಫ್ಲೈಯಿಂದ ನೀರಿನ ಆಳದ ಒಂದೂವರೆ ಪಟ್ಟು ದೂರಕ್ಕೆ ಕಟ್ಟುತ್ತಿದ್ದವರು ಒಂದೂಕಾಲಕ್ಕೆ ಇಳಿಸಿ. ಪ್ರತಿ ಸಲವೂ ತಳಕ್ಕೆ ಸಿಕ್ಕಿಕೊಂಡರೆ ಇನ್ನೊಂದು ಗೇಣು ಕಡಿಮೆ ಮಾಡಿ. ಹತ್ತು ಸಲ ಹರಿಯಬಿಟ್ಟರೂ ಒಮ್ಮೆಯೂ ತಳ ತಾಗದಿದ್ದರೆ ದಾರ ಉದ್ದ ಮಾಡುವುದಕ್ಕಿಂತ ಒಂದು ಅಳತೆ ದೊಡ್ಡ ಮಣಿಯ ಫ್ಲೈ ಹಾಕುವುದು ವಾಸಿ. ದಾರ ಸಡಿಲವಾದಷ್ಟೂ ಮೀನು ಕಚ್ಚಿದ್ದು ನಮಗೆ ತಡವಾಗಿ ಗೊತ್ತಾಗುತ್ತದೆ.

ಎಸೆಯುವಾಗ ರಾಡನ್ನು ಹಿಂದಕ್ಕೊಯ್ದು ತುಸು ಹೆಚ್ಚು ಹೊತ್ತು ತಡೆದು, ಲೂಪ್ (ಗಾಳಿಯಲ್ಲಿ ದಾರ ಮಾಡುವ ಬಾಗು) ಅಗಲವಾಗಿ ಬಿಡಿ. ಬಿಗಿ ಲೂಪಿನಲ್ಲಿ ಮಣಿ ಹೋಗಿ ಕಾರ್ಬನ್ ರಾಡಿನ ತುದಿಗೆ ಬಡಿಯುತ್ತದೆ. ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಮುಂದೆಂದೋ ಮೀನು ಎಳೆಯುವಾಗ ರಾಡು ಅಲ್ಲೇ ಮುರಿಯುತ್ತದೆ. 14ನೇ ನಂಬರಿಗೆ 0.15 ಮಿ.ಮೀ. ಟಿಪ್ಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ) ಸಾಕು. ಜಿಗ್ ಗಾಳದ ಕಣ್ಣಿನಲ್ಲಿ ಗಂಟು ಪಕ್ಕಕ್ಕೆ ಜಾರುವುದುಂಟು, ಆಗ ಫ್ಲೈ ವಾಲಿಕೊಂಡು ಹರಿಯುತ್ತದೆ. ಆಗಾಗ ಉಗುರಿನಿಂದ ನೇರಕ್ಕೆ ತಳ್ಳಿ.

ನಿಮ್ಮ ಡಬ್ಬಿಯಲ್ಲಿರುವ ನಮ್ಮ ಹಳೆಯ ನಿಂಫ್‌ಗಳ ಪೈಕಿ ತಲೆಗೆ ಕೆಂಪು ದಾರ ಸುತ್ತಿದವೆಲ್ಲ ಸೀಸದವು. ಕಸಕ್ಕೆ ಹಾಕದೆ ಮುಂದಿನ ಆರ್ಡರಿನ ಜತೆ ಕಳಿಸಿಕೊಡಿ. ಎಷ್ಟೇ ಇದ್ದರೂ ಒಂದಕ್ಕೊಂದು ಹೊಸದನ್ನು ಕೊಡುತ್ತೇವೆ.

ಇಂತಿ,
ಫ್ಲೈ ಕಟ್ಟುವ ಬಳಗ