ಕುದುರಿಗೆ ಬೆಕ್ಕು ಬಿಡಬೇಡಿ

ಮಾನ್ಯ ಸಂಪಾದಕರೇ,

ನಮ್ಮೂರ ಹೊಳೆ ಕಡಲು ಸೇರುವುದಕ್ಕೆ ಸ್ವಲ್ಪ ಮೊದಲು, ನೀರಿನ ನಡುವೆ ಒಂದು ಸಣ್ಣ ಕುದುರು ಇದೆ. ಅಲ್ಲಿ ಮನೆಯಿಲ್ಲ. ಒಂದಿಷ್ಟು ತೆಂಗಿನ ಮರ, ಕೇದಗೆ ಪೊದೆ, ಅಂಚಿಗೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲ ಗಿಡ. ಕಳೆದ ಭಾನುವಾರ ಕಾಯಿ ಕೊಯ್ಯುವವರ ಜೊತೆ ದೋಣಿಯಲ್ಲಿ ಹೋಗಿದ್ದೆ. ದಡದಲ್ಲೇ ಒಂದು ಹರಿದ ಗೋಣಿಚೀಲ, ಪಕ್ಕದಲ್ಲಿ ಎರಡು ಬೆಕ್ಕಿನ ಮರಿ ಕೂಗುತ್ತಾ ಕೂತಿದ್ದವು. ಸ್ವಲ್ಪ ಆಚೆ ಒಂದು ದೊಡ್ಡ ಬೆಕ್ಕು. ಅದರ ಬಾಯಲ್ಲಿ ಒಂದು ಅರಣೆ, ಅಂದರೆ ಹಾವುರಾಣಿ. ಬಾಲ ಕಳಚಿ ಒಣ ಮಡಲಿನ ಮೇಲೆ ಬಿದ್ದಿತ್ತು, ಪಟಪಟ ಅಂತ ಹೊಡೆದುಕೊಳ್ಳುತ್ತಲೇ ಇತ್ತು. ಶತ್ರು ಬಾಲ ನೋಡುತ್ತಾ ನಿಲ್ಲಲಿ, ಅಷ್ಟರಲ್ಲಿ ತಾನು ಪೊದೆ ಸೇರುತ್ತೇನೆ ಅನ್ನುವುದು ಅರಣೆಯ ಉಪಾಯ. ಈ ಬೆಕ್ಕಿನ ಹತ್ತಿರ ಅದು ನಡೆಯಲಿಲ್ಲ.

ದೋಣಿಯವರು ಹೇಳಿದರು, "ಮನೆಯಲ್ಲಿ ಮರಿ ಜಾಸ್ತಿಯಾದರೆ ಇಲ್ಲಿ ತಂದು ಬಿಡ್ತಾರೆ, ಮೀನು ತಿಂದು ಬದುಕಿಕೊಳ್ಳಲಿ ಅಂತ." ಬಿಡುವವರು ಕೆಟ್ಟವರಲ್ಲ. ಕೊಲ್ಲಲು ಮನಸ್ಸು ಬಾರದೆ ಬಿಡುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಸುತ್ತ ನೀರಿರುವ ಜಾಗದಲ್ಲಿ ಒಂದು ಬೆಕ್ಕು ಬಿಡುವುದಕ್ಕೂ ಊರೊಳಗೆ ಬಿಡುವುದಕ್ಕೂ ತುಂಬಾ ವ್ಯತ್ಯಾಸವಿದೆ. ಊರಿನ ಅರಣೆ ಒಂದು ಹಿತ್ತಲಿಂದ ಇನ್ನೊಂದಕ್ಕೆ ಹೋಗಬಹುದು. ಕುದುರಿನದ್ದು ಎಲ್ಲಿಗೆ ಹೋಗಬೇಕು?

ಇದನ್ನು ಸುಮ್ನೆ ಭಾವುಕನಾಗಿ ಬರೆಯುತ್ತಿಲ್ಲ. ಪ್ರಪಂಚದ ಸಣ್ಣ ಸಣ್ಣ ದ್ವೀಪಗಳಲ್ಲಿ ಹೀಗೇ ಆಗಿದೆ. ದ್ವೀಪದ ಹಲ್ಲಿ, ಅರಣೆಗಳಿಗೆ ಹೆದರಿಕೆ ಕಡಿಮೆ. ತಲೆಮಾರುಗಟ್ಟಲೆ ಬೆಕ್ಕು, ಮುಂಗುಸಿ ನೋಡದೆ ಬದುಕಿದವು ತೀರಾ ಹತ್ತಿರ ಬರುವವರೆಗೂ ಕೂತೇ ಇರುತ್ತವೆ. ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿ ಮಾತ್ರ ಇದ್ದ ಒಂದು ಕಾಡು ಅರಣೆಯ ಕೊನೆಯ ಜೀವ, ಗಂಪ್ ಎಂದು ಹೆಸರಿಟ್ಟು ಸಾಕುತ್ತಿದ್ದ ಹೆಣ್ಣು, 2014ರಲ್ಲಿ ಸತ್ತಿತು. ಆ ಜಾತಿಯೇ ಅಲ್ಲಿಗೆ ಮುಗಿಯಿತು. ಹೊರಗಿನಿಂದ ಬಂದು ಸೇರಿಕೊಂಡ ಒಂದು ಜಾತಿಯ ಹಾವಿನ ಮೇಲೆ ಹೆಚ್ಚಿನ ಅನುಮಾನ.

ನನಗೆ ತುಂಬಾ ಇಷ್ಟವಾದ ಕಥೆ ಸ್ಪೇನಿನ ಮೆನೋರ್ಕಾ ದ್ವೀಪದ ಪಕ್ಕ ಇರುವ ಐರೆ ಎಂಬ ಪುಟ್ಟ ದ್ವೀಪದ್ದು. ಅಲ್ಲಿನ ಹಲ್ಲಿ ಒಂದು ಕಾಲದಲ್ಲಿ ಮೆನೋರ್ಕಾ, ಮಯೋರ್ಕಾ ಎರಡು ದೊಡ್ಡ ದ್ವೀಪಗಳಲ್ಲೂ ಇತ್ತು. ಮನುಷ್ಯರ ಜೊತೆ ಹೊಸ ಪ್ರಾಣಿಗಳು ಬಂದ ಮೇಲೆ ಅಲ್ಲಿ ಅಳಿದುಹೋಗಿ, ಈಗ ಸುತ್ತಲಿನ ಕುದುರಿನಂಥ ತುಂಡು ನೆಲಗಳಲ್ಲಿ ಉಳಿದುಕೊಂಡಿದೆ. ಐರೆಯಲ್ಲಿ ಒಂದು ಗಿಡ ಬೆಳೆಯುತ್ತದೆ, ಅದರ ಹೂವು ಸತ್ತ ಪ್ರಾಣಿಯ ಹಾಗೆ ನಾರುತ್ತದೆ. ನಮ್ಮ ಸುವರ್ಣಗೆಡ್ಡೆಯ ಕುಟುಂಬದ್ದೇ ಗಿಡ. ಮೊದಲ ಮಳೆಗೆ ಹಿತ್ತಲಲ್ಲಿ ಸುವರ್ಣಗೆಡ್ಡೆ ಹೂ ಬಿಟ್ಟಾಗ ಎಲ್ಲೋ ಇಲಿ ಸತ್ತಿದೆ ಅಂತ ಮನೆಯೆಲ್ಲ ಹುಡುಕುತ್ತೇವಲ್ಲ, ಅದೇ ವಾಸನೆ. ನೊಣಗಳು ಮುತ್ತುತ್ತವೆ. ನೊಣ ಹಿಡಿಯಲು ಹಲ್ಲಿ ಬಂದು ಹೂವಿನ ಮೇಲೆ ಕೂರುತ್ತದೆ. ಹೂವು ಒಳಗಿಂದ ಬಿಸಿಯಾಗುತ್ತದೆ, ಹಾಗಾಗಿ ಚಳಿ ಇದ್ದರೆ ಮೈ ಕಾಯಿಸಿಕೊಳ್ಳಲೂ ಆಯ್ತು. ಹೀಗೆ ಓಡಾಡುತ್ತಾ ಅವು ಹಣ್ಣು ತಿನ್ನುವುದನ್ನೂ ಕಲಿತವು. ಹಲ್ಲಿಯ ಹೊಟ್ಟೆ ಹಾದು ಬಂದ ಬೀಜ ಚೆನ್ನಾಗಿ ಮೊಳೆಯುತ್ತದೆ, ಆ ದ್ವೀಪದ ತುಂಬಾ ಗಿಡ ಹೆಚ್ಚಿತು. ನೊಣ, ಹೂವು, ಹಲ್ಲಿ ಎಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ, ಹಲ್ಲಿ ಒಂದನ್ನು ತೆಗೆದು ನೋಡಿ, ಉಳಿದದ್ದು ಸಡಿಲವಾಗುತ್ತದೆ ಅಲ್ವಾ?

ಹಾಳಾದದ್ದು ಸರಿಯಾಗುವುದೂ ಉಂಟು. ಮಾರಿಷಸ್ ಹತ್ತಿರ ರೌಂಡ್ ಐಲೆಂಡ್ ಇದೆ, ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ದೊಡ್ಡದು. ಜನ ಬಿಟ್ಟ ಆಡು, ಮೊಲಗಳು ಹಸಿರನ್ನೆಲ್ಲ ಮೇದು ಮಣ್ಣು ಕಡಲಿಗೆ ಹರಿದುಹೋಗುವ ಹಾಗೆ ಮಾಡಿದ್ದವು. ಮಣ್ಣಲ್ಲಿ ತೂತು ಕೊರೆದು ಬದುಕುತ್ತಿದ್ದ ಒಂದು ಹಾವು 1975ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. 1979ರ ಹೊತ್ತಿಗೆ ಆಡುಗಳನ್ನು, 1986ರಲ್ಲಿ ಮೊಲಗಳನ್ನು ಪೂರ್ತಿ ತೆಗೆದರು. ಆಮೇಲೆ ಗಿಡಗಳು ಎದ್ದವು. ಟೆಲ್ಫೇರ್ ಅರಣೆ ಎಂಬ ದೊಡ್ಡ ಅರಣೆ ಎಷ್ಟು ಚೇತರಿಸಿಕೊಂಡಿತೆಂದರೆ ಅಲ್ಲಿಂದ ಒಯ್ದು ಬೇರೆ ದ್ವೀಪಗಳಲ್ಲೂ ಬಿಟ್ಟರು. ಅರಣೆ, ಹಲ್ಲಿ ತಿಂದು ಬದುಕುವ ಇನ್ನೊಂದು ಅಪರೂಪದ ಹಾವೂ ಉಳಿಯಿತು.

ಕೆರಿಬಿಯನ್ ಕಡಲಿನ ರೆಡೊಂಡಾ ಕೂಡ ಹಾಗೆಯೇ. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಬಂಡೆ, ಆಡು ಮತ್ತು ಇಲಿಗಳಿಂದ ಬೋಳಾಗಿತ್ತು. 2016-17ರಲ್ಲಿ ಆಡುಗಳನ್ನು ಹಿಡಿದು ಸಾಗಿಸಿದರು, ಇಲಿಗಳನ್ನು ಇಲ್ಲವಾಗಿಸಿದರು. ಕೆಲವೇ ವರ್ಷದಲ್ಲಿ ಬಂಡೆ ಹಸಿರಾಯಿತು. ಬೇರೆಲ್ಲೂ ಇಲ್ಲದ ಅಲ್ಲಿನ ಕಪ್ಪು ಹಲ್ಲಿಗಳು ಹಲವು ಪಟ್ಟು ಹೆಚ್ಚಿದವು.

ನಮ್ಮ ಕುದುರಿನ ಅರಣೆ ಅಷ್ಟು ಅಪರೂಪದ್ದಲ್ಲ, ಎಲ್ಲ ಹಿತ್ತಲಲ್ಲೂ ಇದೆ ಅಂತ ಯಾರಾದರೂ ಹೇಳಬಹುದು. ನಿಜ. ಆದರೆ ಆ ಕುದುರಿಗೆ ಅದೇ ಬೇಕು. ಅಲ್ಲಿ ಗೆದ್ದಲು, ಜಿರಳೆ, ಮಿಡತೆ ತಿನ್ನುವುದು ಅದು. ಕಾಂಡ್ಲದ ಕೊಕ್ಕರೆ ಹಿಡಿಯುವುದೂ ಕೆಲವು ಸಲ ಅದನ್ನೇ. ಬೆಕ್ಕು ಅರಣೆಗೆ ಮಾತ್ರ ನಿಲ್ಲುವುದೂ ಇಲ್ಲ. ಬಯಲಲ್ಲಿ ಕಲ್ಲುಗಳ ನಡುವೆ ಮೊಟ್ಟೆಯಿಡುವ ಟಿಟ್ಟಿಭ ಆ ದಿನ ನಮ್ಮ ತಲೆ ಮೇಲೆ ಸುತ್ತುತ್ತಾ ಕಿರುಚುತ್ತಲೇ ಇತ್ತು. ಜೊತೆಗೆ ಪಾರ್ಟಿ ಮಾಡಲು ಬರುವವರು ಬಿಟ್ಟುಹೋಗುವ ಅನ್ನ, ಬಿರಿಯಾನಿ ಪೊಟ್ಟಣ. ಅದಕ್ಕೆ ಇಲಿ ಬರುತ್ತದೆ, ಇಲಿ ಅರಣೆ ಮೊಟ್ಟೆಯನ್ನೂ ಬಿಡುವುದಿಲ್ಲ.

ಇನ್ನೊಂದು ಮಾತು. ಅರಣೆ ಕಚ್ಚಿದರೆ ಕೂಡಲೇ ಮರಣ ಎಂಬ ಮಾತು ನಮ್ಮ ಕಡೆ ಮಲಯಾಳದಲ್ಲೂ ಇದೆ, ಕನ್ನಡ ಮನೆಗಳಲ್ಲೂ ಹೇಳುತ್ತಾರೆ. ಅದಕ್ಕೆ ವಿಷವೇ ಇಲ್ಲ. ಕೆಂಪು ಬಾಲದ ಮರಿ ಕಂಡರಂತೂ ಪೊರಕೆ ಹಿಡಿದು ಓಡುತ್ತಾರೆ, ನಮ್ಮ ಅಜ್ಜಿಯೂ ಹಾಗೇ ಮಾಡುತ್ತಿದ್ದರು. ಪಾಪ, ಆ ಕೆಂಪು ಬಣ್ಣ ಮರಿಯಾಗಿರುವಾಗ ಮಾತ್ರ.

ನನ್ನ ಕೋರಿಕೆ ದೊಡ್ಡದೇನಲ್ಲ. ಬೆಕ್ಕು ಸಾಕುವವರು ಮೃಗಾಸ್ಪತ್ರೆಯಲ್ಲಿ ಕೇಳಿ, ಮರಿ ಹಾಕದ ಹಾಗೆ ಆಪರೇಷನ್ ಮಾಡಿಸಿ. ಪಂಚಾಯತಿನವರು ಕಡವಿನಲ್ಲಿ ಒಂದು ಬೋರ್ಡ್ ಹಾಕಲಿ: ಕುದುರಿನಲ್ಲಿ ಪ್ರಾಣಿ ಬಿಡಬಾರದು, ಊಟ ಎಸೆಯಬಾರದು ಅಂತ. ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ, ಎಲ್ಲರೂ ಓದುವ ಹಾಗೆ.

ಎರಡು ಮರಿಗಳನ್ನು ಅವತ್ತೇ ಮನೆಗೆ ತಂದಿದ್ದೇನೆ, ಒಂದಕ್ಕೆ ಪಕ್ಕದ ಮನೆಯವರು ಸಿಕ್ಕಿದ್ದಾರೆ. ದೊಡ್ಡದು ಕೈಗೆ ಸಿಗಲಿಲ್ಲ. ಬರುವ ಭಾನುವಾರ ಒಂದು ಗೂಡು ಮತ್ತು ಒಣಮೀನು ಹಿಡಿದುಕೊಂಡು ಮತ್ತೆ ಹೋಗುತ್ತೇವೆ. ದೋಣಿಯಲ್ಲಿ ಇನ್ನಿಬ್ಬರಿಗೆ ಜಾಗ ಇದೆ.

ಇಂತಿ,
ಒಬ್ಬ ಓದುಗ
ಕುಂಬಳೆ, ಕಾಸರಗೋಡು