ಎರಡೇ ಪಾತ್ರದ ನಾಟಕ ಮತ್ತು ನಿನ್ನ ಮನೆಯ ಜಗಲಿ

ಪ್ರೀತಿಯ ಗೆಳೆಯಾ,

ಮಗಳ ಮನೆಗೆಂದು ಬೆಂಗಳೂರಿಗೆ ಹೋದವನು ರಂಗಶಂಕರದಲ್ಲಿ ಒಂದು ನಾಟಕ ನೋಡಿ ಬಂದೆ. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ, ಅದಕ್ಕೇ ಪತ್ರ. ಸಿರಸಿಯ ನಿಮ್ಮ ತಾಳಮದ್ದಳೆ ಕೂಟದವರೂ ಓದಲೆಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಒಬ್ಬ ನಿವೃತ್ತ ನ್ಯಾಯಾಧೀಶ, ಅವನು ಜೀವಾವಧಿ ಶಿಕ್ಷೆ ವಿಧಿಸಿದ್ದ ಹುಡುಗನ ತಾಯಿ. ಪಾತ್ರಗಳು ಇಷ್ಟೇ. ಒಂದು ಮೇಜು, ಎರಡು ಕುರ್ಚಿ, ತಂಬಿಗೆಯಲ್ಲಿ ನೀರು. ಹುಡುಗ ಸೆರೆಮನೆಯಲ್ಲೇ ತೀರಿಕೊಂಡಿದ್ದಾನೆ. ಆಕೆ ಅಳುವುದಿಲ್ಲ, ಶಾಪ ಹಾಕುವುದಿಲ್ಲ. ಚೀಲದಿಂದ ತೀರ್ಪಿನ ಪ್ರತಿ ತೆಗೆದು ಮೇಜಿನ ಮೇಲಿಟ್ಟು, "ನೀವೇ ಓದಿ, ನಾನು ಕೇಳುತ್ತೇನೆ" ಎನ್ನುತ್ತಾಳೆ.

ಆತ ಕನ್ನಡಕ ಏರಿಸಿ ಓದತೊಡಗುತ್ತಾನೆ. ಮೊದಲು ದನಿಯಲ್ಲಿ ಕೋರ್ಟಿನ ಗತ್ತು. ಸಾಕ್ಷಿಯೊಬ್ಬ ಬೆಳದಿಂಗಳಲ್ಲಿ ಹುಡುಗನ ಗುರುತು ಹಿಡಿದ ಎಂಬ ಸಾಲು ಬರುತ್ತಲೇ ಆಕೆ, "ಅಂದು ಮಳೆ ಹೊಯ್ಯುತ್ತಿತ್ತು" ಎಂದಳು. ಕೂಗಲಿಲ್ಲ, ಸಂತೆಯಲ್ಲಿ ಚಿಲ್ಲರೆಯ ಲೆಕ್ಕ ತಪ್ಪಿದವನಿಗೆ ಹೇಳುವ ಹಾಗೆ ಹೇಳಿದಳು. ಆತನ ಬೆರಳು ಆ ಸಾಲಿನ ಮೇಲೇ ನಿಂತಿತು. ನಾನು ಕುಳಿತಲ್ಲಿಂದ ಕಾಗದದ ಅಂಚು ನಡುಗುವುದು ಕಾಣುತ್ತಿತ್ತು. ತಂಬಿಗೆ ಎತ್ತಿ ಕುಡಿದಾಗ ಗುಟುಕು ಗಂಟಲಿಗೆ ಇಳಿದ ಸದ್ದೂ ಕೇಳಿಸಿತು.

ಹಾಗೆಂದು ನಾಟಕ ಅವನನ್ನು ಖಳನನ್ನಾಗಿ ಮಾಡಿಲ್ಲ. "ಮಳೆಯ ವಿಷಯ ನನ್ನ ಮುಂದೆ ಯಾರೂ ತರಲಿಲ್ಲ. ತಾರದ್ದನ್ನು ತೀರ್ಪಿನಲ್ಲಿ ಹೇಗೆ ಬರೆಯಲಿ?" ಎಂದು ಅವನು ಕೇಳಿದಾಗ, ಅಷ್ಟು ಹೊತ್ತು ತಾಯಿಯ ಪಕ್ಷದಲ್ಲಿದ್ದ ನನ್ನ ಬಾಯಿ ಕಟ್ಟಿತು. "ನೀವು ಕೇಳಬಹುದಿತ್ತಲ್ಲ" ಎಂದಳು ಆಕೆ. ಅದೂ ಹೌದು. ಸಾಕ್ಷಿಗೆ ತಾನೇ ಪ್ರಶ್ನೆ ಹಾಕುವ ಅಧಿಕಾರ ನ್ಯಾಯಾಧೀಶನಿಗೆ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. ಯಾರ ಮಾತು ಗೆದ್ದಿತೆಂದು ಹೇಳದೆಯೇ ದೀಪ ಆರಿತು.

ಆ ರಂಗಮಂದಿರವನ್ನು ನೀನು ಒಮ್ಮೆ ನೋಡಬೇಕು. ನಮ್ಮ ಹೊನ್ನಾವರದಲ್ಲಿ ಹುಟ್ಟಿ, 1990ರಲ್ಲಿ ಅಪಘಾತದಲ್ಲಿ ತೀರಿಹೋದ ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಪಟ್ಟುಹಿಡಿದು ಕಟ್ಟಿಸಿದ್ದು. 2004ರಲ್ಲಿ ಬಾಗಿಲು ತೆರೆಯಿತು. ರಂಗದ ಮೂರೂ ಕಡೆ ಪ್ರೇಕ್ಷಕರು. ಹೊತ್ತು ಮೀರಿ ಬಂದವರು ಯಾರೇ ಆಗಲಿ, ಒಳಗೆ ಬಿಡುವುದಿಲ್ಲ. ಅಂದಿನ ನಟರಿಗೆ ಮೈಕ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೊರಗೆ ಬಂದಾಗ ನನಗೆ ನೆನಪಾದದ್ದು ನಿಮ್ಮ ಮನೆಯ ಜಗಲಿಯಲ್ಲಿ ನಡೆದ ವಾಲಿವಧೆಯ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ನಿಲ್ಲಿಸಿದರೆ ಎದುರುಬದುರು ಕುಳಿತು ಪಾತ್ರವಾಗಿ ಮಾತಾಡುವ ಅರ್ಥಧಾರಿಗಳದ್ದೇ ಮುಂದಿನ ಮಾತು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆ ಎಂದು ವಾಲಿ ಕೇಳುತ್ತಿದ್ದಾಗ ಜಗಲಿಯ ತುದಿಯಲ್ಲಿದ್ದ ನಿಮ್ಮ ತಂದೆ ಕತ್ತರಿಸಿದ ಅಡಿಕೆಯನ್ನು ಬಾಯಿಗೆ ಹಾಕಲು ಮರೆತು ಕುಳಿತಿದ್ದರು. ರಾಮ ಉತ್ತರಿಸಿದ ಮೇಲೂ ಊಟದ ಪಂಕ್ತಿಯಲ್ಲಿ ಆ ವಾದ ನಿಂತಿರಲಿಲ್ಲ. ನೂರಾರು ರೂಪಾಯಿ ಟಿಕೆಟ್ ಕೊಟ್ಟು ಮಹಾನಗರದವರು ಹುಡುಕಿಕೊಂಡು ಹೋಗುವ ಆ ಸಾಮೀಪ್ಯ ನಮ್ಮ ಜಿಲ್ಲೆಯ ಜಗಲಿಗಳಲ್ಲಿ ಇತ್ತು, ಈಗಲೂ ಇದೆ. ಮೂವತ್ತು ಜನರ ಕೂಟಕ್ಕೂ ಆಳೆತ್ತರದ ಧ್ವನಿವರ್ಧಕ ತಂದಿಟ್ಟು ನಾವೇ ಅದನ್ನು ಹಾಳು ಮಾಡುತ್ತಿದ್ದೇವೆ. ಕಿವಿಗೆ ಅಪ್ಪಳಿಸುವ ಮಾತಿನಲ್ಲಿ ಉಸಿರು ಕೇಳುವುದಾದರೂ ಹೇಗೆ?

ಅದಕ್ಕೇ ಒಂದು ಕೋರಿಕೆ. ಈ ಸಲದ ಕೂಟಕ್ಕೆ ಮೈಕ್ ತರಿಸಬೇಡ. ಮಾರನೆಯ ಸಂಜೆ ಅದೇ ಜಗಲಿಯಲ್ಲಿ ಎರಡು ಪಾತ್ರಗಳ ಒಂದು ಹೊಸ ನಾಟಕ ಆಡೋಣ. ತೋಟದ ಪಾಲಿನ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಕೇಳಲು ಬಂದ ಅಣ್ಣ, ಸಹಿ ಹಾಕಬೇಕಾದ ತಂಗಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ಸಹಿ ಕೇಳುವ ಅಣ್ಣಂದಿರು ನಮ್ಮಲ್ಲಿ ಎಷ್ಟಿದ್ದಾರೆಂಬುದು ನಿನಗೂ ಗೊತ್ತು. ಆದರೆ ತೋಟದಲ್ಲಿ ಬೆನ್ನು ಬಾಗಿಸಿದ ಅಣ್ಣನಿಗೂ ಅವನದೇ ಮಾತಿರುತ್ತದೆ. ಅದನ್ನು ನೀನು ಬರೆ, ಸೋಲುವಂತೆ ಬರೆಯಬೇಡ. ತಂಗಿಯ ಮಾತನ್ನು ನನ್ನ ಮಗಳು ಬರೆಯುತ್ತೇನೆಂದು ಒಪ್ಪಿದ್ದಾಳೆ. ಅಡಿಕೆಯ ಕೊನೆಕೊಯ್ಲು ಶುರುವಾಗುವ ಮೊದಲು ಒಂದು ದಿನ ಗೊತ್ತುಮಾಡಿ ತಿಳಿಸು. ಅವಳಿಗೆ ರಜೆ ಹಾಕಬೇಕು.

ನಿನ್ನ,
ಹೊನ್ನಾವರದ ಗೆಳೆಯ