ವಿಟೇಕರ್ ಯಾಕೆ ಹೊರಗೆ?

ಮಾನ್ಯ ಸಂಪಾದಕರೇ,

ನಮ್ಮ ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಮಾತಿಲ್ಲ, ನಿಜ. ಆದರೂ ನಿಮ್ಮ ಕ್ರೀಡಾಪುಟದಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರ ಲೂ ವಿಟೇಕರ್ ಬಗ್ಗೆ ಒಮ್ಮೆ ಬರೆಯಿರಿ. 1977ರಿಂದ 1995ರಲ್ಲಿ ನಿವೃತ್ತರಾಗುವವರೆಗೂ ಡೆಟ್ರಾಯಿಟ್ ಟೈಗರ್ಸ್ ಬಿಟ್ಟು ಬೇರೆ ತಂಡಕ್ಕೆ ಹೋಗದೆ ಸೆಕೆಂಡ್ ಬೇಸ್ (ಮೈದಾನದ ನಾಲ್ಕು ಬೇಸ್‌ಗಳಲ್ಲಿ ಎರಡನೆಯದು) ಕಾದವರು ಇವರು, 2,369 ಹಿಟ್, 244 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ), ಫೀಲ್ಡಿಂಗ್‌ಗೆ 3 ಗೋಲ್ಡ್ ಗ್ಲೋವ್ ಪ್ರಶಸ್ತಿ, ಜೊತೆಗೆ 1984ರ ವರ್ಲ್ಡ್ ಸೀರೀಸ್ (ಅಲ್ಲಿನ ಲೀಗ್‌ನ ಫೈನಲ್) ಗೆಲುವು. ಇನ್ನೇನು ಬೇಕು? ಬೇಸ್‌ಬಾಲ್‌ನ ಶ್ರೇಷ್ಠರಿಗೆ ಸಿಗುವ ಗೌರವವಾದ ಹಾಲ್ ಆಫ್ ಫೇಮ್‌ಗೆ ಕ್ರೀಡಾ ಬರಹಗಾರರ ಶೇ 75 ಮತ ಬೇಕು, ಶೇ 5 ಕೂಡ ಬರದಿದ್ದರೆ ಅಭ್ಯರ್ಥಿಗಳ ಪಟ್ಟಿಯಿಂದಲೇ ಔಟ್. 2001ರಲ್ಲಿ ಇವರಿಗೆ ಬಿದ್ದದ್ದು ಶೇ 2.9. ಮೊದಲ ವರ್ಷವೇ ಕಥೆ ಮುಗಿಯಿತು! ಪಕ್ಕದಲ್ಲೇ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಆಗಿ ಆಡಿದ ಅಲನ್ ಟ್ರಾಮೆಲ್ 2018ರಲ್ಲಿ ಒಳಗೆ ಹೋದರು. ಅವರು ಅರ್ಹರೇ, ಆದರೆ ಜೋಡಿಯಲ್ಲಿ ಒಬ್ಬರಿಗೆ ಮಾತ್ರ ಗೌರವ ಅಂದರೆ ಅನ್ಯಾಯ ಅಲ್ವಾ?

– ಒಬ್ಬ ಓದುಗ, ದಾವಣಗೆರೆ